ಸಸಿ ಬೆಳ್ಳಗೆ ಹುಟ್ಟಿದರೆ ದೋಷ ಎಲ್ಲಿದೆ? ಮನೆಯಲ್ಲೇ ಪತ್ತೆ ಮಾಡುವ ಕ್ರಮ

ಅಡಿಕೆ ಬೀಜ ಹಾಕಿದ ಮರಳಿನ ಮಡಿಯಲ್ಲಿ ಎಲ್ಲ ಸಸಿ ಹಸಿರಾಗಿ ಬಂದಿರುತ್ತವೆ, ನಡುವೆ ಒಂದು ಮಾತ್ರ ಬೆಳ್ಳಗೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಸ್ವಂತಕ್ಕೆ ಸಸಿ ಮಾಡುವವರು ಇಂಥದ್ದನ್ನು ಯಾವಾಗಲಾದರೂ ನೋಡಿರುತ್ತೀರಿ. ಹೆಚ್ಚಿನವರು ಕಿತ್ತು ಬಿಸಾಡುತ್ತಾರೆ. ಕೆಲವರು ಗೊಬ್ಬರ ಸಾಲಲಿಲ್ಲ ಅಂದುಕೊಂಡು ಒಂದು ಹಿಡಿ ಯೂರಿಯಾ ಹಾಕುತ್ತಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ. ಆ ಸಸಿ ಹೆಚ್ಚಾಗಿ ಬದುಕುವುದಿಲ್ಲ, ನಿಜ. ಆದರೆ ಅದು ತನ್ನ ತಾಯಿ ಮರದ ಬಗ್ಗೆ ಒಂದು ಮುಖ್ಯವಾದ ಸುದ್ದಿ ತಂದಿರುತ್ತದೆ. ಅದನ್ನು ಓದುವುದು ಕಷ್ಟವೇನಲ್ಲ. ಸ್ಪಿರಿಟ್, ಕಪ್ಪು ಬಟ್ಟೆ, ನೋಟು ನೋಡುವ ನೇರಳೆ ಟಾರ್ಚ್, ಒಂದು ನೋಟ್‌ಬುಕ್ ಇದ್ದರೆ ಸಾಕು. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ.

ಮೊದಲು ಒಂದು ವಿಷಯ ತಿಳಿದಿರಬೇಕು. ಎಲೆಯ ಹಸಿರು ಇರುವುದು ಕೋಶದೊಳಗಿನ ಕ್ಲೋರೋಪ್ಲಾಸ್ಟ್ ಎಂಬ ಸಣ್ಣ ಕಣಗಳಲ್ಲಿ. ಬೆಳೆದ ಎಲೆಯ ಒಂದೊಂದು ಕೋಶದಲ್ಲೂ ಇವು ಹತ್ತಾರು ಇರುತ್ತವೆ, ಕೆಲವು ಗಿಡಗಳಲ್ಲಿ ನೂರು ದಾಟುತ್ತವೆ. ಆದರೆ ಬೆಳೆಯುವ ತುದಿಯಲ್ಲಿ ಇವು ಇನ್ನೂ ಕ್ಲೋರೋಪ್ಲಾಸ್ಟ್ ಆಗಿರುವುದಿಲ್ಲ, ಬಣ್ಣವಿಲ್ಲದ ಪ್ರೊಪ್ಲಾಸ್ಟಿಡ್‌ಗಳಾಗಿರುತ್ತವೆ. ಅವು ಬೆಳೆದು ಹಸಿರಾಗಬೇಕಾದರೆ ಜೀನ್‌ಗಳ ಅಪ್ಪಣೆ ಬೇಕು. ಆ ಜೀನ್‌ಗಳು ಎರಡು ಕಡೆ ಇವೆ ಎನ್ನುವುದೇ ಇಲ್ಲಿನ ಮುಖ್ಯ ಸಂಗತಿ. ಕ್ಲೋರೋಪ್ಲಾಸ್ಟ್‌ಗೆ ತನ್ನದೇ ಡಿಎನ್‌ಎ ಇದೆ. ತುಂಬಾ ಹಿಂದೆ ಅದು ಸ್ವತಂತ್ರವಾಗಿ ಬದುಕುತ್ತಿದ್ದ ಸಯಾನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿ ಆಗಿತ್ತು, ಆ ಡಿಎನ್‌ಎಯಲ್ಲಿ ಉಳಿದದ್ದು ಇಷ್ಟೇ: ಸುಮಾರು ಒಂದೂವರೆ ಲಕ್ಷ ಅಕ್ಷರ, ನೂರು ನೂರಮೂವತ್ತು ಜೀನ್. ತಂಬಾಕು ಗಿಡದ ಕ್ಲೋರೋಪ್ಲಾಸ್ಟ್ ಡಿಎನ್‌ಎಯನ್ನು 1986ರಲ್ಲೇ ಜಪಾನಿನಲ್ಲಿ ಪೂರ್ತಿ ಓದಿದ್ದಾರೆ. ಆದರೆ ಕೆಲಸ ಮಾಡುವ ಒಂದು ಕ್ಲೋರೋಪ್ಲಾಸ್ಟ್‌ಗೆ ಎರಡು ಮೂರು ಸಾವಿರ ಬಗೆಯ ಪ್ರೋಟೀನ್ ಬೇಕು. ಉಳಿದವುಗಳ ಜೀನ್ ಎಲ್ಲ ಕೋಶದ ನ್ಯೂಕ್ಲಿಯಸ್‌ನಲ್ಲಿವೆ. ಅಲ್ಲಿಂದ ಅಪ್ಪಣೆ ಹೊರಟು, ಹೊರಗೆ ಪ್ರೋಟೀನ್ ತಯಾರಾಗಿ, ಅದು ಮತ್ತೆ ಕ್ಲೋರೋಪ್ಲಾಸ್ಟ್ ಒಳಗೆ ಹೋಗಬೇಕು.

ಹಾಗಾಗಿ ಹಸಿರು ಕೆಟ್ಟರೆ ದೋಷ ನ್ಯೂಕ್ಲಿಯಸ್‌ನ ಜೀನಿನಲ್ಲಿ ಇರಬಹುದು, ಕ್ಲೋರೋಪ್ಲಾಸ್ಟ್‌ನ ಜೀನಿನಲ್ಲೂ ಇರಬಹುದು. ನ್ಯೂಕ್ಲಿಯಸ್‌ನ ಜೀನ್ ತಂದೆ ತಾಯಿ ಇಬ್ಬರಿಂದಲೂ ಬರುತ್ತದೆ. ಹೂ ಬಿಡುವ ಹೆಚ್ಚಿನ ಗಿಡಗಳಲ್ಲಿ ಕ್ಲೋರೋಪ್ಲಾಸ್ಟ್ ಬರುವುದು ತಾಯಿಯಿಂದ ಮಾತ್ರ. ಈ ವ್ಯತ್ಯಾಸ ಹಿಡಿದುಕೊಂಡರೆ ಮುಂದಿನ ಪತ್ತೆ ಸುಲಭ.

ಜೀನ್ ಅಲ್ಲದ ಕಾರಣಗಳನ್ನು ಮೊದಲು ಬದಿಗಿಡಿ

ಹುಟ್ಟುವಾಗ ಹಸಿರಾಗಿದ್ದು ಆಮೇಲೆ ಹಳದಿಯಾದರೆ ಅದು ಹೆಚ್ಚಾಗಿ ಆಹಾರದ ಕೊರತೆ ಅಥವಾ ರೋಗ. ಜೀನಿನ ದೋಷ ಸಾಮಾನ್ಯವಾಗಿ ಮೊದಲ ಎಲೆಯಲ್ಲೇ ಕಾಣುತ್ತದೆ. ಯಾವ ಎಲೆ ಹಳದಿ ಎಂದು ನೋಡಿ. ಕೆಳಗಿನ ಹಳೇ ಎಲೆಯಲ್ಲಿ ನರ ಹಸಿರಾಗಿ ಉಳಿದು ನಡುವೆ ಹಳದಿಯಾದರೆ ಮೆಗ್ನೀಷಿಯಂ ಕಡಿಮೆ ಎಂದು ಅನುಮಾನಿಸಿ. ನಮ್ಮ ಮುರಕಲ್ಲಿನ ಕೆಂಪು ಮಣ್ಣಿನಿಂದ ಆಟಿ ತಿಂಗಳ ಮಳೆ ಮೆಗ್ನೀಷಿಯಂ ಅನ್ನು ತೊಳೆದುಕೊಂಡು ಹೋಗುತ್ತದೆ, ಹಾಗಾಗಿ ಇದು ಇಲ್ಲಿ ಸಾಮಾನ್ಯ. ಹೊಸ ಎಲೆಯಲ್ಲೇ ಹಾಗಾದರೆ ಕಬ್ಬಿಣ. ಆದರೆ ನಮ್ಮದರಂಥ ಹುಳಿ ಮಣ್ಣಿನಲ್ಲಿ ಕಬ್ಬಿಣ ಗಿಡಕ್ಕೆ ಸುಲಭವಾಗಿ ಸಿಗುತ್ತದೆ, ಆದ್ದರಿಂದ ತೊಟ್ಟೆಯ ಮಣ್ಣಿಗೆ ಸುಣ್ಣ ಜಾಸ್ತಿ ಬೆರೆಸಿದ್ದರೆ ಮಾತ್ರ ಇದನ್ನು ಯೋಚಿಸಿ.

ಅನುಮಾನ ಉಳಿದರೆ ಎಲೆಗೆ ಗೆರೆ ಬಳಿದು ನೋಡಿ. ಇದು ನನಗೆ ಬಹಳ ಇಷ್ಟದ ಪರೀಕ್ಷೆ, ಯಾಕೆಂದರೆ ಉತ್ತರವನ್ನು ಎಲೆಯೇ ಬರೆದು ತೋರಿಸುತ್ತದೆ. ಒಂದು ಲೀಟರ್ ನೀರಿಗೆ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟ್ ಕಲಸಿ. ಇನ್ನೊಂದು ಪಾತ್ರೆಯಲ್ಲಿ ಲೀಟರ್‌ಗೆ 5 ಗ್ರಾಂ ಫೆರಸ್ ಸಲ್ಫೇಟ್. ಮಕ್ಕಳ ಬಣ್ಣದ ಬ್ರಷ್ ತಗೊಂಡು ಸಂಜೆ ಹೊತ್ತು ಒಂದು ಎಲೆಯ ಎಡಭಾಗಕ್ಕೆ ಮೊದಲನೆಯದು, ಇನ್ನೊಂದು ಎಲೆಯ ಎಡಭಾಗಕ್ಕೆ ಎರಡನೆಯದು ಹಚ್ಚಿ. ಬಲಭಾಗ ಹಾಗೇ ಇರಲಿ. ಮಳೆ ತಾಗದ ಕಡೆ ಇಡಿ, ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ ಹಚ್ಚಿ. ಕಬ್ಬಿಣದ ಕೊರತೆಯಿದ್ದರೆ ಒಂದು ವಾರದ ಹೊತ್ತಿಗೆ ಬ್ರಷ್ ಹೋದ ದಾರಿಯಲ್ಲಿ ಹಸಿರು ಗೆರೆ ಮೂಡುತ್ತದೆ, ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ, ದ್ರಾವಣ ಎಲ್ಲಿ ನಿಂತಿತ್ತೋ ಅಲ್ಲಿ ಮಾತ್ರ. ಮೆಗ್ನೀಷಿಯಂ ಸ್ವಲ್ಪ ನಿಧಾನ. ಎರಡರಿಂದಲೂ ಬಣ್ಣ ಕದಲದಿದ್ದರೆ ಮಾತ್ರ ಮುಂದೆ ಹೋಗಿ.

ಶಿಲೀಂಧ್ರದಿಂದಲೂ ಸಸಿ ಬೆಳ್ಳಗಾಗುತ್ತದೆ, ಇದು ತುಂಬಾ ಜನರಿಗೆ ಗೊತ್ತಿಲ್ಲ. ಲಿಂಬೆ ಜಾತಿಯ ಬೀಜ ಹಾಕಿದಾಗ ಬರುವ ಬಿಳಿ ಸಸಿಗಳಿಗೆ ಎಷ್ಟೋ ಸಲ ಬೀಜದ ಮೇಲಿನ ಬೂಸ್ಟೇ ಕಾರಣ. ಆಲ್ಟರ್ನೇರಿಯಾ ಎಂಬ ಶಿಲೀಂಧ್ರ ಟೆಂಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಅದು ಕ್ಲೋರೋಪ್ಲಾಸ್ಟ್ ಬೆಳೆಯದಂತೆ ತಡೆಯುತ್ತದೆ. ಅದೇ ಬೀಜದ ರಾಶಿಯಲ್ಲಿ ಅರ್ಧವನ್ನು ಚೆನ್ನಾಗಿ ತೊಳೆದು ಶಿಲೀಂಧ್ರನಾಶಕದಲ್ಲಿ ಅದ್ದಿ ಬಿತ್ತಿ, ಅರ್ಧವನ್ನು ಹಾಗೇ ಬಿತ್ತಿ. ಅದ್ದಿದ ಕಡೆ ಬಿಳಿ ಸಸಿ ನಿಂತುಹೋದರೆ ಜೀನಿನ ಮಾತು ಅಲ್ಲಿಗೆ ಮುಗಿಯಿತು. ಇನ್ನು ದೊಡ್ಡ ಅಡಿಕೆ ಮರದ ಹಳದಿ ಎಲೆ ರೋಗ ಬೇರೆಯೇ ಕಥೆ, ಅದು ಫೈಟೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಂಥ ಜೀವಿಯಿಂದ ಬರುವಂಥದ್ದು. ಇದರ ಜೊತೆ ಅದನ್ನು ಸೇರಿಸಬೇಡಿ.

ಕತ್ತಲೆಯಲ್ಲಿ ಮೊಳಕೆ: ಬೆಳಕು ಜೀನ್‌ಗಳನ್ನು ಎಬ್ಬಿಸುವುದನ್ನು ನೋಡಿ

ಇದನ್ನು ಮಾಡದೆ ಮುಂದಿನದ್ದಕ್ಕೆ ಹೋಗಬೇಡಿ. ಹಸಿರಾಗುವುದು ಎಂದರೆ ಏನು ಎಂದು ಕಣ್ಣಿಂದ ನೋಡಿದ ಮೇಲೆಯೇ ಹಸಿರಾಗದೇ ಇರುವುದು ಅರ್ಥವಾಗುತ್ತದೆ. ಹೆಸರುಕಾಳು ಅಥವಾ ಭತ್ತವನ್ನು ರಾತ್ರಿ ನೆನೆಹಾಕಿ. ಎರಡು ಬಟ್ಟಲಲ್ಲಿ ಒದ್ದೆ ಬಟ್ಟೆಯ ಮೇಲೆ ಹರಡಿ. ಒಂದು ಕಿಟಕಿ ಹತ್ತಿರ ಇರಲಿ. ಇನ್ನೊಂದನ್ನು ಮುಚ್ಚಳವಿರುವ ಡಬ್ಬದಲ್ಲಿಟ್ಟು ಕಪ್ಪು ಬಟ್ಟೆ ಸುತ್ತಿ ಕಪಾಟಿನೊಳಗೆ ಇಡಿ. ನೀರು ಹಾಕುವುದು ರಾತ್ರಿ, ದೀಪ ಆರಿಸಿ.

ನಾಲ್ಕೈದು ದಿನ ಬಿಟ್ಟು ತೆಗೆದರೆ ಕತ್ತಲೆಯ ಹೆಸರುಕಾಳು ಉದ್ದಕ್ಕೆ, ಸಪೂರಕ್ಕೆ, ಬಿಳಿ ಕಾಂಡವಾಗಿ ಬೆಳೆದಿರುತ್ತದೆ. ತುದಿ ಕೊಕ್ಕೆಯಂತೆ ಬಗ್ಗಿರುತ್ತದೆ, ಎಲೆ ಚಿಕ್ಕದು, ತಿಳಿ ಹಳದಿ. ಈಗ ಹಗಲಿನ ಬೆಳಕಿಗೆ ಇಟ್ಟು ಗಂಟೆಗೊಮ್ಮೆ ನೋಡಿ. ಕೆಲವೇ ಗಂಟೆಗಳಲ್ಲಿ ಹಳದಿಯ ಮೇಲೆ ಹಸಿರಿನ ಛಾಯೆ ಬರುತ್ತದೆ, ಕೊಕ್ಕೆ ನಿಧಾನಕ್ಕೆ ನೆಟ್ಟಗಾಗುತ್ತದೆ, ಎಲೆ ಬಿಚ್ಚಿಕೊಳ್ಳುತ್ತದೆ. ಮರುದಿನ ಇದೇ ಹೊತ್ತಿಗೆ ಎಲೆ ಚೆನ್ನಾಗಿ ಹಸಿರಾಗಿರುತ್ತದೆ.

ಒಳಗೆ ಆದದ್ದು ಏನು ಗೊತ್ತಾ? ಕತ್ತಲೆಯಲ್ಲಿ ಪಿಐಎಫ್ ಎಂಬ ಪ್ರೋಟೀನ್‌ಗಳು ನ್ಯೂಕ್ಲಿಯಸ್‌ನಲ್ಲಿ ಕೂತು ಹಸಿರಾಗಿಸುವ ಜೀನ್‌ಗಳನ್ನು ತಡೆದಿರುತ್ತವೆ. ಹಸಿರಿಗೆ ಬೇಕಾದ ಎಚ್‌ವೈ5 ಎಂಬ ಇನ್ನೊಂದು ಪ್ರೋಟೀನ್ ಇರುತ್ತದಲ್ಲ, ಅದು ತಯಾರಾದ ಹಾಗೇ ಸಿಒಪಿ1 ಎಂಬ ಮತ್ತೊಂದು ಪ್ರೋಟೀನ್ ಅದನ್ನು ನಾಶಕ್ಕೆ ಕಳಿಸುತ್ತಿರುತ್ತದೆ. ಬೆಳಕು ಬಿದ್ದ ಕೂಡಲೇ ಫೈಟೋಕ್ರೋಮ್ ಎಂಬ ಬೆಳಕು ಗುರುತಿಸುವ ಪ್ರೋಟೀನ್ ರೂಪ ಬದಲಿಸಿ ನ್ಯೂಕ್ಲಿಯಸ್‌ಗೆ ಹೋಗುತ್ತದೆ. ಪಿಐಎಫ್ ನಾಶವಾಗುತ್ತದೆ, ಸಿಒಪಿ1ರ ಕೈ ಕಟ್ಟುತ್ತದೆ, ಎಚ್‌ವೈ5 ಉಳಿಯುತ್ತದೆ. ಆಮೇಲೆ ಜಿಎಲ್‌ಕೆ ಎಂಬ ಜೀನ್‌ಗಳು ಕೆಲಸ ಶುರುಮಾಡಿ ಪತ್ರಹರಿತ್ತು ಎಂಬ ಹಸಿರು ಬಣ್ಣವನ್ನು ಮಾಡುವ, ಬೆಳಕು ಹಿಡಿಯುವ ಪ್ರೋಟೀನ್‌ಗಳ ಜೀನ್‌ಗಳನ್ನು ಸಾಲಾಗಿ ಎಬ್ಬಿಸುತ್ತವೆ. ಸಾಸಿವೆಯ ನೆಂಟ ಗಿಡವಾದ ಅರಾಬಿಡಾಪ್ಸಿಸ್‌ನಲ್ಲಿ ಎರಡು ಜಿಎಲ್‌ಕೆಗಳನ್ನೂ ಕೆಡಿಸಿದರೆ ಗಿಡ ತಿಳಿ ಹಸಿರಾಗಿ ಉಳಿಯುತ್ತದೆ.

ಕತ್ತಲೆಯ ಬಟ್ಟಲಿನ ಕೆಲವು ಸಸಿಗಳಿಗೆ ಐದೇ ನಿಮಿಷ ಬೆಳಕು ತೋರಿಸಿ ಮತ್ತೆ ಕತ್ತಲೆಗೆ ಇಟ್ಟು ನೋಡಿ. ಅವು ಹೆಚ್ಚುಕಮ್ಮಿ ಹಳದಿಯಾಗಿಯೇ ಉಳಿಯುತ್ತವೆ. ಯಾಕೆಂದರೆ ಪತ್ರಹರಿತ್ತು ತಯಾರಾಗುವ ಕೊನೆಯ ಹಂತಗಳಲ್ಲಿ ಒಂದಕ್ಕೆ ಬೆಳಕೇ ಬೇಕು. ಪಿಒಆರ್ ಎಂಬ ಕಿಣ್ವ ಒಂದೊಂದು ಅಣುವನ್ನು ಮುಗಿಸುವಾಗಲೂ ಬೆಳಕು ಕೇಳುತ್ತದೆ. ಪೈನ್ ಮರದ ಸಸಿ ಕತ್ತಲೆಯಲ್ಲೂ ಹಸಿರಾಗುತ್ತದೆ. ಅದರ ಹತ್ತಿರ ಬೆಳಕು ಬೇಡದ ಇನ್ನೊಂದು ಕಿಣ್ವ ಉಳಿದಿದೆ, ನಮ್ಮ ಭತ್ತ, ಹೆಸರು, ಅಡಿಕೆ ಅದನ್ನು ಕಳೆದುಕೊಂಡಿವೆ.

ಇದನ್ನೇ ತೆಂಗಿನ ತಿರಿಯಲ್ಲೂ ನೋಡಬಹುದು. ಭೂತಕೋಲಕ್ಕೆ, ಚಪ್ಪರಕ್ಕೆ ಕಟ್ಟುವ ಆ ಎಳೆ ಗರಿ ಬೆಣ್ಣೆ ಬಣ್ಣದಲ್ಲಿರುವುದು ರೋಗದಿಂದಲ್ಲ, ಸುಳಿಯೊಳಗೆ ಅದಕ್ಕೆ ಬೆಳಕು ತಲುಪಿಲ್ಲ ಅಷ್ಟೇ. ಭತ್ತದ ಎಲೆಯೊಂದನ್ನು ಮೆಲ್ಲಗೆ ಎಳೆದು ತೆಗೆದರೂ ಬುಡ ಬಿಳಿ, ನಡುವೆ ತಿಳಿ ಹಸಿರು, ತುದಿ ಕಡು ಹಸಿರು. ಬುಡದ ಕೋಶಗಳು ಎಳೆಯವು, ತುದಿಯವು ಹಳೆಯವು. ಪ್ರೊಪ್ಲಾಸ್ಟಿಡ್‌ನಿಂದ ಕ್ಲೋರೋಪ್ಲಾಸ್ಟ್‌ವರೆಗಿನ ಎಲ್ಲ ಹಂತವೂ ಒಂದೇ ಎಲೆಯಲ್ಲಿ ಸಿಗುತ್ತದೆ. ವಿಜ್ಞಾನಿಗಳು ಈ ಕೆಲಸಕ್ಕೆ ಜೋಳದ ಜಾತಿಯ ಎಲೆಗಳನ್ನು ಅಷ್ಟು ಬಳಸುವುದು ಇದೇ ಕಾರಣಕ್ಕೆ.

ಬಿಳಿ ಎಂದರೆ ಎಷ್ಟು ಬಿಳಿ?

ಈಗ ನಿಮ್ಮ ಬಿಳಿ ಸಸಿಗೆ ಬನ್ನಿ. ಎಲೆಯ ಒಂದು ತುಂಡನ್ನು ಚೂರು ಮಾಡಿ ಸಣ್ಣ ಗಾಜಿನ ಲೋಟಕ್ಕೆ ಹಾಕಿ, ಮುಳುಗುವಷ್ಟು ಸ್ಪಿರಿಟ್ ಹೊಯ್ಯಿರಿ. ಇನ್ನೊಂದು ಲೋಟದಲ್ಲಿ ಅಷ್ಟೇ ಹಸಿರು ಎಲೆ. ಎರಡನ್ನೂ ಬಿಸಿ ನೀರಿನ ಪಾತ್ರೆಯಲ್ಲಿ ಇಡಿ. ನೀರು ಕಾಯಿಸಿ ಒಲೆ ಆರಿಸಿದ ಮೇಲೆಯೇ ಸ್ಪಿರಿಟ್ ಹೊರಗೆ ತೆಗೆಯಬೇಕು, ಬೆಂಕಿಯ ಹತ್ತಿರ ಖಂಡಿತ ಬೇಡ. ಅರ್ಧ ಗಂಟೆ ಬಿಟ್ಟು ಕತ್ತಲೆ ಕೋಣೆಯಲ್ಲಿ ನೇರಳೆ ಟಾರ್ಚ್ ಬಿಡಿ. ಹಸಿರು ಎಲೆಯ ರಸ ರಕ್ತದಂತೆ ಕೆಂಪಗೆ ಹೊಳೆಯುತ್ತದೆ, ಅದು ಪತ್ರಹರಿತ್ತಿನ ಗುರುತು. ಬಿಳಿ ಸಸಿಯ ರಸದಲ್ಲಿ ಆ ಕೆಂಪು ಇಲ್ಲದಿದ್ದರೆ ಪತ್ರಹರಿತ್ತು ಇಲ್ಲ ಅಥವಾ ಕಾಣದಷ್ಟು ಕಡಿಮೆ. ಇನ್ನು ಸಾದಾ ಬೆಳಕಿನಲ್ಲಿ ನೋಡಿ. ರಸ ಹಳದಿಯಾಗಿದ್ದರೆ ಕ್ಯಾರೋಟಿನಾಯ್ಡ್ ಎಂಬ ಹಳದಿ ಬಣ್ಣದ ವಸ್ತು ಇದೆ, ನೀರಿನಂತಿದ್ದರೆ ಅದೂ ಇಲ್ಲ.

ಕ್ಯಾರೋಟಿನಾಯ್ಡ್ ಇಲ್ಲದ್ದು ಯಾಕೆ ಮುಖ್ಯ ಎಂದರೆ, ಜೋರು ಬೆಳಕಿನಿಂದ ಪತ್ರಹರಿತ್ತನ್ನು ಕಾಯುವುದು ಅದೇ. ಕ್ಯಾರೋಟಿನಾಯ್ಡ್ ಮಾಡುವ ಜೀನ್ ಕೆಟ್ಟ ಸಸಿಯಲ್ಲಿ ಪತ್ರಹರಿತ್ತು ತಯಾರಾಗುತ್ತದೆ, ಆದರೆ ಬಿಸಿಲಿಗೆ ಉರಿದುಹೋಗುತ್ತದೆ. ಹಾಗಾಗಿ ಅದೇ ಬೀಜದ ಒಂದು ಪಾಲನ್ನು ತುಂಬಾ ಮಬ್ಬು ಬೆಳಕಿನಲ್ಲಿ, ಅಂದರೆ ಪುಸ್ತಕ ಓದಲು ಕಷ್ಟವಾಗುವಷ್ಟು ಬೆಳಕಿರುವ ಮೂಲೆಯಲ್ಲಿ ಮೊಳೆಯಿಸಿ. ಅಲ್ಲಿ ಎಲ್ಲ ಸಸಿಗಳಲ್ಲೂ ಹಸಿರಿನ ಛಾಯೆ ಕಂಡು, ಬಿಸಿಲಿಗಿಟ್ಟಾಗ ಕೆಲವು ಮಾತ್ರ ಬೆಳ್ಳಗಾದರೆ ಕಾಯುವ ಕಡೆ ದೋಷ. ಮಬ್ಬಿನಲ್ಲೂ ಬೆಳ್ಳಗೇ ಇದ್ದರೆ ಕಟ್ಟುವ ಕಡೆ ದೋಷ. ಉದಾಹರಣೆಗೆ, ಕ್ಲೋರೋಪ್ಲಾಸ್ಟ್‌ನ ಜೀನ್‌ಗಳನ್ನು ಓದುವ ಯಂತ್ರಗಳು ಎರಡು. ನ್ಯೂಕ್ಲಿಯಸ್ ಕಳಿಸಿಕೊಡುವ ಎನ್‌ಇಪಿ ಒಂದು, ಕ್ಲೋರೋಪ್ಲಾಸ್ಟ್ ತಾನೇ ಮಾಡಿಕೊಳ್ಳುವ ಪಿಇಪಿ ಇನ್ನೊಂದು. ಈ ಪಿಇಪಿ ಕೆಟ್ಟರೆ ಸಸಿ ಬಿಳಿ. ಹೊರಗಿನಿಂದ ಬರುವ ಪ್ರೋಟೀನ್‌ಗಳನ್ನು ಒಳಗೆ ಬಿಡುವ ಬಾಗಿಲಿನಂಥ ಟಾಕ್159 ಇಲ್ಲದಿದ್ದರೂ ಬಿಳಿ. ಯಾವುದು ಎಂದು ಮನೆಯಲ್ಲಿ ಹೇಳಲು ಆಗುವುದಿಲ್ಲ, ಅದಕ್ಕೆ ಡಿಎನ್‌ಎ ಓದಿಸಬೇಕು.

ಕೆಲವು ಸಸಿ ಬೆಳ್ಳಗೆ ಹುಟ್ಟಿ ಆಮೇಲೆ ತಾವೇ ಹಸಿರಾಗುತ್ತವೆ. ಭತ್ತದಲ್ಲಿ ಇಂಥ ತಳಿಗಳನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. 20 ಡಿಗ್ರಿಯ ತಂಪಿನಲ್ಲಿ ಬಿಳಿ, 30 ಡಿಗ್ರಿಯಲ್ಲಿ ಹಸಿರು. ನಮ್ಮ ಕರಾವಳಿಯ ಸೆಕೆಗೆ ಅಂಥ ದೋಷ ಕಣ್ಣಿಗೇ ಬೀಳದೆ ಹೋಗಬಹುದು. ಆದ್ದರಿಂದ ಬಿಳಿ ಸಸಿ ಕಂಡ ದಿನವೇ ಕಿತ್ತು ತೆಗೆಯದೆ ಮುಂದಿನ ಎಲೆ ಬರುವವರೆಗೆ ಕಾಯಿರಿ. ಭತ್ತದ ಬಿಳಿ ಸಸಿ ಕಾಳಿನೊಳಗಿನ ಆಹಾರ ಮುಗಿಯುವವರೆಗೆ ಮಾತ್ರ ಬದುಕುತ್ತದೆ, ಅದು ಬೇಗ ಮುಗಿಯುತ್ತದೆ. ತೆಂಗಿನಕಾಯಿಯೊಳಗೆ ಊಟ ಜಾಸ್ತಿ, ಅದರ ಬಿಳಿ ಸಸಿ ತಿಂಗಳುಗಟ್ಟಲೆ ನಿಲ್ಲುತ್ತದೆ.

ಎಣಿಸಿ, ಬರೆದಿಡಿ

ಭತ್ತ, ಅಲಸಂಡೆ, ಹೆಸರು ಇವೆಲ್ಲ ತಮ್ಮ ಪರಾಗದಲ್ಲೇ ಕಾಳುಕಟ್ಟುವ ಗಿಡಗಳು, ಎಣಿಕೆಗೆ ಒಳ್ಳೆಯವು. ಬಿಳಿ ಸಸಿ ಬೀಜ ಕೊಡುವುದಿಲ್ಲ, ಆದ್ದರಿಂದ ಅದರ ಹಸಿರು ಒಡಹುಟ್ಟುಗಳ ಬೀಜವನ್ನು ಗಿಡಗಿಡವಾಗಿ ಬೇರೆ ಬೇರೆ ಪೊಟ್ಟಣದಲ್ಲಿ ಎತ್ತಿಡಿ. ಬೆರೆಸಿದರೆ ಎಲ್ಲ ಹಾಳು. ನ್ಯೂಕ್ಲಿಯಸ್‌ನ ಒಂದು ಜೀನ್ ಕೆಟ್ಟಿದ್ದು, ಎರಡೂ ಪ್ರತಿ ಕೆಟ್ಟರೆ ಮಾತ್ರ ಬಿಳಿಯಾಗುವಂಥದ್ದಾದರೆ, ಆ ಹಸಿರು ಗಿಡಗಳಲ್ಲಿ ಮೂರರಲ್ಲಿ ಎರಡು ಪಾಲಿನಲ್ಲಿ ದೋಷ ಅಡಗಿರುತ್ತದೆ. ಅಂಥ ಗಿಡದ ಬೀಜ ಬಿತ್ತಿದರೆ ನಾಲ್ಕರಲ್ಲಿ ಒಂದು ಬಿಳಿ. ಒಂದು ಗಿಡದಿಂದ ನಾಲ್ಕೈದೇ ಬೀಜ ಬಿತ್ತಿ ತೀರ್ಮಾನಕ್ಕೆ ಬರಬೇಡಿ. 11 ಬೀಜ ಮೊಳೆತು ಎಲ್ಲವೂ ಹಸಿರಾದರೆ ಆ ಗಿಡದಲ್ಲಿ ದೋಷ ಇಲ್ಲ ಎಂದು ನೂರಕ್ಕೆ 95ರಷ್ಟು ನೆಚ್ಚಬಹುದು, 17 ಆದರೆ 99. ನಾಲ್ಕರಲ್ಲಿ ಒಂದು ಎನ್ನುವ ಪ್ರಮಾಣ ಸರಿಯಾಗಿ ಕಾಣಬೇಕಾದರೆ ನಲವತ್ತು ಐವತ್ತು ಸಸಿಯಾದರೂ ಬೇಕು.

ಪಟ್ಟೆ ಎಲೆ: ಸಂಜೆಮಲ್ಲಿಗೆಯ ಪ್ರಯೋಗ

ಎಲೆ ಪೂರ್ತಿ ಬಿಳಿಯಲ್ಲದೆ ಬಿಳಿ ಹಸಿರು ಕಲಸಿಕೊಂಡಿದ್ದರೆ ದೋಷ ಕ್ಲೋರೋಪ್ಲಾಸ್ಟ್‌ನದ್ದೇ ಇರಬಹುದು. ಒಂದೇ ಕೋಶದಲ್ಲಿ ಒಳ್ಳೆಯ ಮತ್ತು ಕೆಟ್ಟ ಕ್ಲೋರೋಪ್ಲಾಸ್ಟ್‌ಗಳು ಇದ್ದು, ಕೋಶ ಒಡೆಯುತ್ತಾ ಹೋದ ಹಾಗೆ ಕೆಲವು ಕೋಶಕ್ಕೆ ಬರೀ ಒಳ್ಳೆಯವು, ಕೆಲವಕ್ಕೆ ಬರೀ ಕೆಟ್ಟವು ಸೇರುತ್ತವೆ. ಇದನ್ನು ಮೊದಲು ತೋರಿಸಿದ್ದು ನಮ್ಮ ಹಿತ್ತಿಲಿನಲ್ಲಿರುವ ಸಂಜೆಮಲ್ಲಿಗೆಯಲ್ಲೇ. ಜರ್ಮನಿಯ ಕಾರ್ಲ್ ಕೊರೆನ್ಸ್ 1909ರಲ್ಲಿ ಎಲೆಪಟ್ಟೆಯ ಸಂಜೆಮಲ್ಲಿಗೆ ತಗೊಂಡು ಬಿಳಿ ಕೊಂಬೆ, ಹಸಿರು ಕೊಂಬೆ, ಪಟ್ಟೆ ಕೊಂಬೆಗಳ ಹೂವುಗಳನ್ನು ಪರಸ್ಪರ ಕೂಡಿಸಿದರು. ಪರಾಗ ಯಾವ ಕೊಂಬೆಯದ್ದಾದರೂ ಸರಿ, ಬೀಜ ಕಟ್ಟಿದ ಕೊಂಬೆಯ ಬಣ್ಣವೇ ಸಸಿಗೆ ಬಂತು. ಬಿಳಿ ಕೊಂಬೆಯ ಬೀಜದಿಂದ ಬಿಳಿ, ಹಸಿರಿನಿಂದ ಹಸಿರು, ಪಟ್ಟೆಯಿಂದ ಮೂರೂ ಬಗೆ. ಅದೇ ವರ್ಷ ಎರ್ವಿನ್ ಬೌರ್ ಪೆಲಾರ್ಗೋನಿಯಂನಲ್ಲಿ ನೋಡಿದಾಗ ತಂದೆಯ ಕಡೆಯಿಂದಲೂ ಕ್ಲೋರೋಪ್ಲಾಸ್ಟ್ ಬರುವುದು ಕಂಡಿತು, ಹಾಗಾಗಿ ಎಲ್ಲ ಗಿಡಕ್ಕೂ ಒಂದೇ ನಿಯಮ ಅಂದುಕೊಳ್ಳಬೇಡಿ.

ನೀವೂ ಮಾಡಬಹುದು. ಎಲೆಯಲ್ಲಿ ಪಟ್ಟೆ ಇರುವ ಗಿಡ ಬೇಕು, ಹೂವಿನಲ್ಲಿ ಪಟ್ಟೆ ಇದ್ದರೆ ಲೆಕ್ಕಕ್ಕಿಲ್ಲ, ಅದು ಬೇರೆ ಬಣ್ಣದ ಮಾತು. ಮಧ್ಯಾಹ್ನ ಮೂರರ ಮೊದಲು, ಪಟ್ಟೆ ಕೊಂಬೆಯಲ್ಲಿ ಇನ್ನೇನು ಸಂಜೆ ಬಿರಿಯಲಿರುವ ದಪ್ಪ ಮೊಗ್ಗನ್ನು ಹುಡುಕಿ. ಬದಿಯಲ್ಲಿ ಉಗುರಿನಿಂದ ಸೀಳಿ, ಚಿಮುಟದಿಂದ ಕೇಸರಗಳನ್ನು ತೆಗೆಯಿರಿ. ಸಾಮಾನ್ಯವಾಗಿ ಐದಿರುತ್ತವೆ. ನಡುವಿನ ಉದ್ದ ಶಲಾಕೆಗೆ ಪೆಟ್ಟಾಗಬಾರದು. ಸಂಜೆ ಪೂರ್ತಿ ಹಸಿರಾದ ಬೇರೆ ಗಿಡದ ಹೂ ಬಿರಿದಾಗ ಅದರ ಪರಾಗವನ್ನು ಈ ಶಲಾಕೆಯ ತುದಿಗೆ ಮುಟ್ಟಿಸಿ, ತೆಳು ಬಟ್ಟೆಯ ಚೀಲ ಕಟ್ಟಿ, ದಾರಕ್ಕೆ ಚೀಟಿ ಸಿಕ್ಕಿಸಿ. ಒಂದು ಹೂವಿಗೆ ಒಂದೇ ಕಪ್ಪು ಬೀಜ, ಹಾಗಾಗಿ ತುಂಬಾ ಹೂ ಮಾಡಬೇಕಾಗುತ್ತದೆ. ಆಮೇಲೆ ತಿರುಗಿಸಿ ಮಾಡಿ. ಹಸಿರು ಗಿಡ ತಾಯಿ, ಪಟ್ಟೆ ಕೊಂಬೆಯ ಪರಾಗ. ಹೀಗೂ ಹಾಗೂ ಮಾಡಿದಾಗ ಫಲ ಬೇರೆ ಬೇರೆ ಬಂದು, ಎರಡು ಸಲವೂ ಸಸಿ ತಾಯಿಯನ್ನೇ ಹೋತರೆ ದೋಷ ಕ್ಲೋರೋಪ್ಲಾಸ್ಟ್ ಜೀನಿನದ್ದು. ಎರಡು ಕಡೆಯಿಂದಲೂ ಫಲ ಒಂದೇ ಆದರೆ ನ್ಯೂಕ್ಲಿಯಸ್.

ಇಷ್ಟಕ್ಕೆ ಪುರುಸೊತ್ತಿಲ್ಲದವರು ಸ್ನೇಕ್ ಪ್ಲಾಂಟ್‌ನಲ್ಲಿ ಇನ್ನೊಂದು ನೋಡಿ. ಹಳದಿ ಅಂಚಿರುವ ಜಾತಿಯ ಎಲೆಯನ್ನು ತುಂಡು ಮಾಡಿ ನೆಟ್ಟರೆ ಹುಟ್ಟುವ ಮರಿಗೆ ಹಳದಿ ಅಂಚು ಇರುವುದಿಲ್ಲ. ಗಡ್ಡೆ ಒಡೆದು ನೆಟ್ಟರೆ ಇರುತ್ತದೆ. ಅಂಚಿನ ಕೋಶಗಳೂ ಒಳಗಿನ ಕೋಶಗಳೂ ಬೇರೆ ಬೇರೆ ಜೀನಿನವು, ತುಂಡಿನಿಂದ ಹೊಸ ಮರಿ ಹುಟ್ಟುವಾಗ ಆ ಪದರಗಳ ಜೋಡಣೆ ತಪ್ಪಿಹೋಗುತ್ತದೆ.

ಅಡಿಕೆ, ತೆಂಗಿಗೆ ಏನು ಮಾಡಬೇಕು

ಅಡಿಕೆಯ ಒಂದು ಹೂಗೊನೆಯಲ್ಲಿ ಗಂಡು ಹೂ ಮುಗಿದ ಮೇಲೆ ಹೆಣ್ಣು ಹೂ ತೆರೆಯುತ್ತದೆ. ಹಾಗಾಗಿ ಪರಾಗ ಹೆಚ್ಚಾಗಿ ಬೇರೆ ಮರದ್ದು. ಎತ್ತರದ ತೆಂಗಿನದ್ದೂ ಹೀಗೇ, ಗಿಡ್ಡ ತೆಂಗು ಮಾತ್ರ ತನ್ನದೇ ಪರಾಗದಿಂದ ಕಾಯಿ ಕಟ್ಟುವುದು ಜಾಸ್ತಿ. ತಾಯಿ ಮರದಲ್ಲಿ ದೋಷ ಅಡಗಿದ್ದರೂ, ಪರಾಗ ಕೊಟ್ಟ ಮರದಲ್ಲೂ ಅದೇ ದೋಷ ಇದ್ದರೆ ಮಾತ್ರ ಬಿಳಿ ಸಸಿ ಹುಟ್ಟುತ್ತದೆ. ಅಂದರೆ ಇಲ್ಲಿ ಬಿಳಿ ಸಸಿ ನಾಲ್ಕರಲ್ಲಿ ಒಂದು ಬರುವುದಿಲ್ಲ, ಎಷ್ಟೋ ಕಡಿಮೆ ಬರುತ್ತದೆ. ಒಂದೇ ಮರದ ಬೀಜದಲ್ಲಿ ವರ್ಷ ವರ್ಷವೂ ಒಂದೆರಡು ಬಿಳಿ ಬಂದರೆ ಆ ಮರವನ್ನೂ, ಅದರ ಸುತ್ತಮುತ್ತ ಯಾವುದಾದರೂ ಒಂದು ಮರವನ್ನೂ ಅನುಮಾನಿಸಬೇಕು. ತಾಯಿ ಮರ ಪೂರ್ತಿ ಹಸಿರಾಗಿ ನಿಂತಿದೆ ಎಂದರೆ ದೋಷ ನ್ಯೂಕ್ಲಿಯಸ್‌ನದ್ದು ಎನ್ನುವುದೇ ಹೆಚ್ಚು ಸರಿ. ಕ್ಲೋರೋಪ್ಲಾಸ್ಟ್ ದೋಷವಾದರೆ ಮರದಲ್ಲೇ ಎಲ್ಲಾದರೂ ಬಿಳಿ ಗೆರೆ ಕಾಣಬೇಕಿತ್ತು.

ಇಲ್ಲಿ ಗಟ್ಟಿಯಾಗಿ ಹೇಳುತ್ತೇನೆ: ಬೀಜದ ಅಡಿಕೆಯನ್ನು ಮರಮರವಾಗಿ ಬೇರೆ ಇಟ್ಟು ಬಿತ್ತಿ. ತೋಟದ ಬೀಜವೆಲ್ಲ ಒಂದೇ ಬುಟ್ಟಿಗೆ ಸುರಿದರೆ ಇಷ್ಟು ಹೊತ್ತು ಹೇಳಿದ್ದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಮರಕ್ಕೆ ಪೇಂಟಿನಲ್ಲಿ ನಂಬರ್ ಹಾಕಿ, ಮಡಿಯಲ್ಲಿ ಅದೇ ನಂಬರಿನ ಕಡ್ಡಿ ನೆಡಿ. ಬಿಳಿ ಸಸಿ ಕೊಟ್ಟ ಮರದಿಂದ ಮುಂದೆ ಬೀಜ ತೆಗೆಯಬೇಡಿ. ಫಸಲಿಗೆ ಆ ಮರ ಇರಲಿ, ಕಡಿಯುವ ಅಗತ್ಯ ಖಂಡಿತ ಇಲ್ಲ. ಆ ಮರದ ಹಸಿರು ಸಸಿಗಳನ್ನು ನಡಬಹುದು, ಅವು ಚೆನ್ನಾಗಿಯೇ ಬೆಳೆಯುತ್ತವೆ. ಆದರೆ ಅರ್ಧಕ್ಕರ್ಧ ಸಸಿಗಳಲ್ಲಿ ದೋಷ ಅಡಗಿರುವುದರಿಂದ ಅವುಗಳಿಂದ ಮುಂದೆ ಬೀಜ ಮಾಡಬಾರದು, ಮಾರುವುದಿದ್ದರೆ ಕೊಳ್ಳುವವರಿಗೆ ಹೇಳಿಯೇ ಕೊಡಿ.

ಎರಡು ಮೂರು ವರ್ಷ ಒಂದೇ ಮರದಿಂದ ಹೀಗೆ ಬರುತ್ತಿದ್ದರೆ ಕೃಷಿ ಭವನಕ್ಕೆ ಅಥವಾ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಗೆ ತಿಳಿಸಿ. ತೆಂಗಿನ ಸಂಶೋಧನೆ ಇಲ್ಲಿ 1916ರಿಂದ ನಡೆಯುತ್ತಿದೆ, ಇಷ್ಟು ಹತ್ತಿರ ಇಂಥ ಜಾಗ ಇರುವುದು ನಮ್ಮ ಭಾಗ್ಯ. ಹೋಗುವಾಗ ಮರದ ನಂಬರ್, ಎಷ್ಟು ಬೀಜ ಬಿತ್ತಿದಿರಿ, ಎಷ್ಟು ಮೊಳೆಯಿತು, ಎಷ್ಟು ಬಿಳಿ, ಗೆರೆ ಬಳಿದ ಪರೀಕ್ಷೆಯಲ್ಲಿ ಏನಾಯಿತು, ಸ್ಪಿರಿಟ್ ರಸದ ಬಣ್ಣ ಯಾವುದು ಎಲ್ಲ ಬರೆದುಕೊಂಡು, ಪಕ್ಕದ ಮರಗಳ ಒಂದು ಸಣ್ಣ ನಕ್ಷೆಯನ್ನೂ ಹಿಡಿದುಕೊಂಡು ಹೋಗಿ. ಬಿಳಿ ಸಸಿಯನ್ನು ಬೇರು ಮಣ್ಣು ಸಮೇತ ತೊಟ್ಟೆಯಲ್ಲೇ ಒಯ್ಯಿರಿ, ಕಿತ್ತು ಒಯ್ದರೆ ದಾರಿಯಲ್ಲೇ ಬಾಡಿಹೋಗುತ್ತದೆ.